ಪೈಥಾನ್ ಬದಲಾಗಿಲ್ವಾ? ಮೊದಲು ಪಾತ್ ನೋಡಿ

ಪೈಥಾನಿನ ಹಲವು ಆವೃತ್ತಿಗಳನ್ನು ನಿಭಾಯಿಸೋ ಪೈಎನ್ವ್‌ನಲ್ಲಿ 3.12 ಹಾಕಿ, ‘ಪೈಎನ್ವ್ ಗ್ಲೋಬಲ್ 3.12’ ಅಂತಾನೂ ಕೊಟ್ಟಾಯ್ತು. ಟರ್ಮಿನಲ್ ಮಾತ್ರ ಇನ್ನೂ 3.10 ಅಂತಲೇ ಹಟ ಹಿಡಿದಿದ್ಯಾ? ಅಳಿಸಿ ಮತ್ತೆ ಹಾಕೋಕೆ ಹೋಗಬೇಡಿ. ‘ಟೈಪ್ -ಎ ಪೈಥಾನ್’ ಕೊಟ್ಟು ನೋಡಿ. ಪಾತ್, ಅಂದ್ರೆ ಟರ್ಮಿನಲ್‌ನ ಶೆಲ್ ಪ್ರೋಗ್ರಾಂ ಹುಡುಕೋ ಫೋಲ್ಡರುಗಳ ಸಾಲು, ಅದೇ ಕ್ರಮದಲ್ಲಿ ಪೈಥಾನ್‌ಗಳ ಪಟ್ಟಿ ಬರುತ್ತೆ. ಪಟ್ಟಿಯ ಮೇಲ್ತುದಿಯಲ್ಲಿ ಪೈಎನ್ವ್‌ನ ಶಿಮ್ಸ್ ಫೋಲ್ಡರ್ (ಆರಿಸಿದ ಆವೃತ್ತಿಗೆ ದಾಟಿಸೋ ಪುಟ್ಟ ಸ್ಕ್ರಿಪ್ಟುಗಳ ಜಾಗ) ಇರಬೇಕು. ಅದಕ್ಕೂ ಮೊದಲು ಸಿಸ್ಟಮ್ ಪೈಥಾನ್ ಕಂಡರೆ ಓಡೋದು ಅದೇ. ಶೆಲ್ಲಿಗೆ ಹೊಸದು, ಹಳೆಯದು ಅನ್ನೋ ಭೇದವಿಲ್ಲ. ಸಾಲಿನಲ್ಲಿ ಮೊದಲು ನಿಂತವರಿಗೆ ಕೆಲಸ.

ಪಾತ್ ಸರಿಯಿದ್ದೂ ತಪ್ಪು ಆವೃತ್ತಿ ಬಂದರೆ ‘ಪೈಎನ್ವ್ ವರ್ಷನ್’ ಕೊಡಿ. ನಂಬರ್ ಜೊತೆಗೆ ಅದು ಎಲ್ಲಿಂದ ಬಂತು ಅಂತಲೂ ತೋರಿಸುತ್ತೆ. ಹೆಚ್ಚಿನ ಸಲ ಮೇಲಿನ ಯಾವುದೋ ಫೋಲ್ಡರಿನಲ್ಲಿ ಮರೆತುಬಿಟ್ಟ, ಆವೃತ್ತಿ ಬರೆದಿಟ್ಟಿರೋ ‘.ಪೈಥಾನ್-ವರ್ಷನ್’ ಫೈಲೇ ಕಳ್ಳ. ಗ್ಲೋಬಲ್‌ನ ಸರದಿ ಬರೋದು ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು: ಇನ್‌ಸ್ಟಾಲ್ ಆಗುವಾಗ ‘ಎಸ್‌ಕ್ಯೂಲೈಟ್3 ಕಂಪೈಲ್ ಆಗಿಲ್ಲ’ ಅನ್ನೋ ವಾರ್ನಿಂಗ್ ಸರ್ರನೆ ಸರಿದುಹೋಗುತ್ತೆ, ಯಾರೂ ಓದಲ್ಲ. ಆಮೇಲೆ ಆ ಡೇಟಾಬೇಸ್ ಮಾಡ್ಯೂಲನ್ನು ಇಂಪೋರ್ಟ್ ಮಾಡಿದಾಗ ಎಡವೋದು. ಆ ಲೈಬ್ರರಿಯ ಡೆವ್ ಪ್ಯಾಕೇಜ್ (ಬಿಲ್ಡ್ ಮಾಡೋಕೆ ಬೇಕಾದ ಫೈಲುಗಳು) ಹಾಕಿದರಷ್ಟೇ ಸಾಲದು, ಆ ಪೈಥಾನನ್ನೇ ಮತ್ತೆ ಬಿಲ್ಡ್ ಮಾಡಬೇಕು.

ಹಳೆ ಆವೃತ್ತಿ ಅಳಿಸೋ ಮುಂಚೆ ವೆನ್ವ್‌ಗಳನ್ನೂ (ಪ್ರಾಜೆಕ್ಟಿಗೆ ಅಂತ ಬೇರೆ ಮಾಡಿಟ್ಟ ಪೈಥಾನ್ ಪರಿಸರಗಳು) ನೋಡ್ಕೊಳ್ಳಿ. ಅದರೊಳಗಿನ ಪೈಥಾನ್ ಬರೀ ಸಿಮ್‌ಲಿಂಕ್, ಅಂದ್ರೆ ಮೂಲ ಪೈಥಾನ್ ಕಡೆ ಬೆರಳು ತೋರಿಸೋ ಕೊಂಡಿ; ಮೂಲ ಹೋದರೆ ಅದೂ ಓಡಲ್ಲ.