ಬಲ್ಬ್ ಅಲ್ಲ, ಪೊರೆ

ಹೋದ ವಾರ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಎದುರಿನ ತಿರುವೇ ಸರಿಯಾಗಿ ಕಾಣಲಿಲ್ಲ. ಊರಿಗೆ ಬಂದವನೇ ಕಾರಿಗೆ ಹೊಸ ಬಲ್ಬ್ ಹಾಕಿಸಿದೆ. ಅದೇ ಮಂಕು. ಮೆಕ್ಯಾನಿಕ್ ಹೆಡ್‌ಲೈಟ್ ಮೇಲೆ ಬೆರಳು ಎಳೆದು ನಕ್ಕ. "ಬಲ್ಬ್ ಸರಿ ಇದೆ ಸಾರ್, ಗ್ಲಾಸೇ ಹಳದಿ ಆಗಿದೆ."

ಗ್ಲಾಸ್ ಅಂತೀವಿ ಅಷ್ಟೆ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ತೆಳು ಕೋಟಿಂಗ್ ಬಿಸಿಲಿಗೆ ಸವೆದ ಮೇಲೆ ಹಳದಿ ತಿರುಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜೋ ವಿದ್ಯೆ ಹೋದ ವರ್ಷವೇ ಮಾಡಿದ್ದೆ. ನಾಲ್ಕು ದಿನದ ಹೊಳಪು.

ಇವತ್ತು ಸುತ್ತ ಪೇಂಟ್‌ಗೆ ಟೇಪ್ ಅಂಟಿಸಿ, ನೀರು ಹಾಕಿಕೊಂಡು 800 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ. ಮೊದಲು ಹಳದಿ ನೀರು, ಆಮೇಲೆ ಮಜ್ಜಿಗೆ ನೀರು. ಒರೆಸಿ ನೋಡಿದರೆ ಲೈಟ್ ಪೂರ್ತಿ ಬೆಳ್ಳಗೆ, ಕುರುಡು! "ಇದ್ದಿದ್ದನ್ನೂ ಹಾಳು ಮಾಡಿದ್ರಿ" ಅಂದಳು ಹೆಂಡತಿ. ಆಮೇಲೆ ಇನ್ನೂ ನಯವಾದ 1500, 2000, 3000 ನಂಬರ್ ಪೇಪರ್, ಕೊನೆಗೆ ಪಾಲಿಶ್. ಒಳಗಿನ ಬಲ್ಬ್ ಕಂಡಾಗ ನಿಜಕ್ಕೂ ಖುಷಿಯಾಯ್ತು. ಬಿಸಿಲಿನ ಯುವಿ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಉಜ್ಜುತ್ತಾ ಅಪ್ಪ ನೆನಪಾದರು. ಪೇಪರ್ ಓದೋ ಮೂಲೆಯಲ್ಲಿ ಬೆಳಕು ಸಾಲಲ್ಲ ಅಂತ ಎರಡು ವರ್ಷ ಹೇಳಿದರು. ನಾವು ಎರಡು ಸಲ ಬಲ್ಬ್ ಬದಲಾಯಿಸಿದೆವು. ಪೊರೆ ಬಂದಿದೆ ಅಂತ ಯಾರಿಗೂ ಹೊಳೆಯಲೇ ಇಲ್ಲ, ಅಲ್ವಾ?

ಬಲಗಡೆ ಲೈಟ್ ಇನ್ನೂ ಬಾಕಿ. ಭುಜ ಬಿದ್ದುಹೋಗಿದೆ. ಸದ್ಯಕ್ಕೆ ಕಾರು ಒಂದೇ ಕಣ್ಣಿನ ಆಪರೇಷನ್ ಆದವರ ಹಾಗೆ ಗೇಟಿನ ಹತ್ತಿರ ನಿಂತಿದೆ.