ಬಾಡಿದ್ದು ಬಾಯಾರಿಕೆಯಿಂದಲ್ಲ

ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಆಟಿ ತಿಂಗಳು, ಅಂದರೆ ತುಳುವರ ಜಡಿಮಳೆಯ ತಿಂಗಳು, ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಕಪಾಟಿನೊಳಗೆ ಬೂಷ್ಟು. ಅಂಥ ದಿನಗಳಲ್ಲೇ ಮೇಲಿನ ಮನೆಯ ಆಂಟಿ ಮಗಳ ಊರಿಗೆ ಹೊರಟರು. ಹೋಗುವಾಗ ತಮ್ಮ ಪೀಸ್ ಲಿಲ್ಲಿ ಗಿಡವನ್ನು ನನ್ನ ಕೈಗೆ ಕೊಟ್ಟರು. "ಎಷ್ಟು ನೀರು ಹಾಕಿದರೂ ತಲೆ ಎತ್ತುವುದಿಲ್ಲ. ಬದುಕಿದರೆ ನೀನೇ ಇಟ್ಟುಕೋ" ಅಂದರು.

ಎಲೆಗಳೆಲ್ಲ ಕುಂಡದ ಅಂಚಿನ ಮೇಲೆ ಜೋತುಬಿದ್ದಿದ್ದವು. ಬುಡದ ಹತ್ತಿರದವು ಹಳದಿಯಾಗಿದ್ದವು. ನೋಡಿದ ಯಾರಿಗಾದರೂ ಪಾಪ, ಬಾಯಾರಿದೆ ಅಂತಲೇ ಅನಿಸಬೇಕು. ಬೆರಳು ಇಳಿಸಿದರೆ ಮಣ್ಣು ಮಾತ್ರ ಪಚಪಚ ಒದ್ದೆ.

ಆ ವಾರ ಪುತ್ತೂರಿನಿಂದ ಮಾವ ಬಂದಿದ್ದರು. ಅಡಿಕೆ ತೋಟದವರು. ಗಿಡದ ಮುಂದೆ ಕೂತು, ಎಲೆಯನ್ನು ತಿರುಗಿಸಿ ನೋಡಿ, "ಇದು ನಮ್ಮ ಕೆಸುವಿನ ಜಾತಿ ಅಲ್ವಾ?" ಅಂದರು. ನಿಜವೇ. ಪೀಸ್ ಲಿಲ್ಲಿ ಅಮೆರಿಕದ ಉಷ್ಣವಲಯದ ಕಾಡುಗಳಿಂದ ಬಂದದ್ದು. ಹೆಸರಲ್ಲಿ ಲಿಲ್ಲಿ ಇದ್ದರೂ ಕುಟುಂಬ ಮಾತ್ರ ಕೆಸು, ಸುವರ್ಣಗಡ್ಡೆಯದ್ದೇ. ಹೂವೆಂದು ನಾವು ನೋಡುವ ಆ ಬಿಳಿ ಹಾಳೆಯೂ ಒಂದು ಎಲೆಯೇ. ನಡುವೆ ನಿಂತ ಕಡ್ಡಿಯಲ್ಲಿ ಸಣ್ಣ ಸಣ್ಣ ಹೂಗಳಿರುತ್ತವೆ.

ಹಾಗಾದರೆ ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ ಮಳೆಗಾಲವಿಡೀ ಖುಷಿಯಲ್ಲಿರುವ ಕೆಸುವಿನ ನೆಂಟನಿಗೆ ನೀರು ಜಾಸ್ತಿಯಾಗುವುದು ಹೇಗೆ ಅಂತ ಕೇಳಿದೆ. ಮಾವ ಉತ್ತರ ಕೊಡದೆ, ಅಂದದ ಪಿಂಗಾಣಿ ಕುಂಡದೊಳಗಿದ್ದ ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನು ಮೇಲೆತ್ತಿದರು. ಅಡಿಯಲ್ಲಿ ಎರಡು ಬೆರಳು ಎತ್ತರಕ್ಕೆ ಕಪ್ಪು ನೀರು ನಿಂತಿತ್ತು. ಪಿಂಗಾಣಿಗೆ ತೂತೇ ಇಲ್ಲ. "ತೋಡಿನ ನೀರು ಹರಿಯುತ್ತದೆ ಮಾರಾಯ್ತಿ. ಇಲ್ಲಿ ಬೇರಿಗೆ ಉಸಿರಾಡಲು ಎಂಥ ಉಂಟು?"

ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ ಗಿಡವನ್ನು ಹೊರತೆಗೆದೆವು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಕಂದು ಬೇರೊಂದನ್ನು ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಸಿಪ್ಪೆ ಜಾರಿ ಬೆರಳಿಗೆ ಅಂಟಿತು, ಒಳಗಿನ ನೂಲಿನಂಥ ಎಳೆ ಮಾತ್ರ ಗಿಡದಲ್ಲಿ ಉಳಿಯಿತು. ನೀರು ಎಳೆಯಬೇಕಾದ ಬೇರೇ ಹೀಗಾದರೆ ಎಲೆಗೆ ನೀರು ಹತ್ತುವುದೆಲ್ಲಿಂದ? ನೀರಿನ ನಡುವೆಯೇ ಗಿಡ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನೂ ಒಂದು ಲೋಟ ಸುರಿಯುತ್ತೇವೆ. ಪ್ರೀತಿಯಿಂದಲೇ ಸುರಿಯುತ್ತೇವೆ, ಅದೇ ಬೇಸರದ ವಿಷಯ.

ಮಾವನಿಗೆ ಇದು ಹೊಸದಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಅಡಿಕೆಯ ಕೊಳೆರೋಗಕ್ಕೆ ಹೆದರಿ ಮಳೆಗೆ ಮೊದಲೇ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುವವರು. ತೋಟದಲ್ಲೂ ಬಸಿಗಾಲುವೆ ಸರಿಯಿಲ್ಲದಿದ್ದರೆ ಯಾವ ಮದ್ದೂ ಸಾಲದು ಎನ್ನುವುದು ಅವರ ಮಾತು. ಈ ಗಿಡಕ್ಕೆ ಮದ್ದು ಬೇಡ, ಕತ್ತರಿ ಸಾಕು ಅಂದರು.

ಮೆತ್ತಗಾದ ಬೇರನ್ನೆಲ್ಲ ಕತ್ತರಿಸಿದೆವು. ಬೆಳ್ಳಗೆ ಗಟ್ಟಿಯಾಗಿದ್ದವು ಒಂದು ಹಿಡಿಯೂ ಉಳಿಯಲಿಲ್ಲ. ಅಷ್ಟು ಬೇರು ಅಷ್ಟೂ ಎಲೆಗಳನ್ನು ಸಾಕಲಾರದು. ಹಾಗಾಗಿ ಅರ್ಧದಷ್ಟು ಎಲೆಯನ್ನೂ ತೆಗೆದೆವು. ಹಸಿರು ಎಲೆ ಕತ್ತರಿಸುವಾಗ ಸಂಕಟವಾಯಿತು. ದೊಡ್ಡ ಕುಂಡ ಬೇಡ, ಅದರಲ್ಲಿ ಪುನಃ ನೀರು ಉಳಿಯುತ್ತದೆ ಅಂತ ಉಳಿದ ಬೇರಿಗೆ ಸರಿಹೋಗುವಷ್ಟು ಸಣ್ಣ ಮಣ್ಣಿನ ಕುಂಡ ಆರಿಸಿದೆವು. ತೆಂಗಿನ ನಾರಿನ ಪುಡಿ, ಹೊಯ್ಗೆ (ಮರಳು), ಸ್ವಲ್ಪ ಹಳೆಯ ಸೆಗಣಿ ಗೊಬ್ಬರ, ತೆಂಗಿನ ಗೆರಟೆಯ (ಚಿಪ್ಪಿನ) ಇದ್ದಿಲ ಚೂರು. ಇಷ್ಟೇ.

ಕುಂಡವನ್ನು ಪೂರ್ವದ ಕಿಟಕಿಯ ಪಕ್ಕ, ನೇರ ಬಿಸಿಲು ತಾಗದ ಹಾಗೆ ಇಟ್ಟೆ. ಗೊಬ್ಬರದ ನೀರು ಕೊಡುವ ಆಸೆಯಾಗುತ್ತಿತ್ತು, ಕೊಡಲಿಲ್ಲ. ಬೇರು ಹೊಸದಾಗಿ ಬರುವ ತನಕ ಅದು ಭಾರವೇ. ಮಾವ ಕಲಿಸಿದ ಹಾಗೆ ಕುಂಡ ಎತ್ತಿ ನೋಡುತ್ತಿದ್ದೆ. ಹಗುರ ಅನಿಸಿದರೆ ಮಾತ್ರ ನೀರು. ಬಹಳ ದಿನ ಏನೂ ಆಗಲಿಲ್ಲ. ಸುಮ್ನೆ ಕಾಯುವುದೇ ಎಲ್ಲಕ್ಕಿಂತ ಕಷ್ಟ ಅನಿಸಿದ ದಿನಗಳು ಅವು. ಚೌತಿಯ ಹೊತ್ತಿಗೆ ನಡುವಿನಿಂದ ಸುರುಳಿ ಸುತ್ತಿದ ಎಳೆ ಎಲೆಯೊಂದು ಮೇಲೆದ್ದಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈಗ ಬುಡದಲ್ಲಿ ಮರಿಗಳೂ ಬಂದಿವೆ. ಆಂಟಿಗೆ ಫೋಟೋ ಕಳಿಸಿದೆ, ಒಂದು ಮರಿ ಅವರಿಗೆ ಎತ್ತಿಟ್ಟಿದ್ದೇನೆ. ಇನ್ನೊಂದನ್ನು ಮಾವ ಬಾವಿಕಟ್ಟೆಯ ನೆರಳಿನಲ್ಲಿ ಇಡುತ್ತಾರಂತೆ. ಕೆಸುವಿನ ಎಲೆಯಲ್ಲಿ ಪತ್ರೊಡೆ ಬೇಯಿಸುವ ಅತ್ತೆ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಇದರ ಎಲೆಯಲ್ಲಿ ಪತ್ರೊಡೆ ಆಗ್ತದಾ?" ಖಂಡಿತ ಬೇಡ ಅಂದೆ. ಕೆಸುವಿನ ಹಾಗೆ ಇದರಲ್ಲೂ ಬಾಯಿ ತುರಿಸುವ ಹರಳುಗಳಿವೆ, ಇದು ತಿನ್ನುವ ಗಿಡವಲ್ಲ. ಮೊಮ್ಮಕ್ಕಳ ಮತ್ತು ಬೆಕ್ಕಿನ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ ಅಂತಲೂ ಹೇಳಿದ್ದೇನೆ.