ಸುಮ್ಮನೆ ಕುಳಿತ ಬಾಟ್

ಸೋಮವಾರದಿಂದ ಅಪ್ಪನ ಒಂದೇ ಮಾತು ತಲೆಯಲ್ಲಿ ಗುಂಯ್ ಅಂತಿದೆ. "ಅದಕ್ಕ ಶಾಣ್ಯಾತನ ಬಂದದ, ಬಿಡು."

ಅದು ಅಂದರೆ ತಂಗಿಯ ಮಗ ಬರೆದ ಟ್ರೇಡಿಂಗ್ ಬಾಟ್, ಷೇರುಪೇಟೆಯಲ್ಲಿ ತಾನೇ ಕೊಂಡು ಮಾರುವ ಪ್ರೋಗ್ರಾಂ. ಹುಡುಗ ಇಂಜಿನಿಯರಿಂಗ್ ಕೊನೆ ವರ್ಷ, ರಜೆಗೆ ಕಲಬುರಗಿಗೆ ಬಂದಿದ್ದಾನೆ. ಚುರುಕು ಇದ್ದಾನೆ, ಆದರೆ ಸೋಲು ಅಂದ್ರೆ ಆಗಲ್ಲ. ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್ ಅಂತೆ. ಬಾಟ್‌ಗೆ ದಾರಿ ಯಾರೂ ಹೇಳಿಕೊಡಲ್ಲ. ಕೊಳ್ಳು, ಮಾರು, ಸುಮ್ನಿರು, ಇವುಗಳಲ್ಲಿ ಒಂದು ಮಾಡಿ ನೋಡುತ್ತದೆ. ಲಾಭವಾದರೆ ಅಂಕ ಸಿಗುತ್ತದೆ, ನಷ್ಟವಾದರೆ ಕಡಿತ. 2016ರಲ್ಲಿ ಗೋ ಅನ್ನೋ ಮಣೆಯಾಟದಲ್ಲಿ ದೊಡ್ಡ ಆಟಗಾರ ಲೀ ಸೆಡೊಲ್‌ರನ್ನು ಸೋಲಿಸಿದ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಗೋ ಕಲಿತದ್ದರಲ್ಲೂ ಈ ವಿದ್ಯೆ ಇತ್ತು. ಇವನು ನಿಫ್ಟಿ ಫ್ಯೂಚರ್ಸ್‌ನ, ಅಂದರೆ ಷೇರು ಸೂಚ್ಯಂಕದ ಮೇಲಿನ ಮುಂಗಡ ವಹಿವಾಟಿನ, ಐದು ವರ್ಷದ ದರ ಕೊಟ್ಟು, ಅದೇ ಐದು ವರ್ಷವನ್ನು ರಾತ್ರಿಯೆಲ್ಲಾ ಸಾವಿರಾರು ಸಲ ಆಡಿಸಿದ. ಲ್ಯಾಪ್‌ಟಾಪ್ ಕಾಯುತ್ತದೆ ಅಂತ ಮನೆಯ ಟೇಬಲ್ ಫ್ಯಾನ್ ಅದಕ್ಕೆ. ನಾವು ಬೆವರುತ್ತಾ ಮಲಗಿದೆವು.

ಬೆಳಗ್ಗೆ ಮುಖ ಸಣ್ಣಗೆ ಮಾಡಿಕೊಂಡು ಬಂದ.

"ಕೆಟ್ಟು ಹೋಗ್ಯಾದ ಮುತ್ಯಾ. ಏನೂ ತಗೊಳ್ಳಲ್ಲ, ಏನೂ ಮಾರಲ್ಲ. ಸುಮ್ನ ಕುಂತದ."

ಅಪ್ಪ ಚಹಾ ಬಸಿಗೆ ಸುರಿದುಕೊಂಡರು. "ದಲಾಲಿ ಹಿಡದಿಯೇನು ತಮ್ಮಾ?"

"ಹಿಡದೀನಿ. ಬ್ರೋಕರೇಜ್, ಎಸ್‌ಟಿಟಿ ತೆರಿಗಿ, ಎಲ್ಲಾ."

"ಮತ್ತ? ಅದಕ್ಕ ಶಾಣ್ಯಾತನ ಬಂದದ, ಬಿಡು."

ಹೇಳಿದವರು ಯಾರು ನೋಡಿ. ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿ ಇಟ್ಟು, ದಲಾಲಿಯಿಂದಲೇ ನಮ್ಮನ್ನು ಓದಿಸಿದವರು. ಕೊಂಡವನು ಗೆಲ್ಲಲಿ, ಮಾರಿದವನು ಗೆಲ್ಲಲಿ, ಅವರ ಪಾಲು ಬಂದೇ ಬರುತ್ತಿತ್ತು. ಚಿಲ್ಲರೆ ಲಾಭಕ್ಕೆ ಪದೇ ಪದೇ ಕೈ ಹಾಕುವವನನ್ನು ದಲಾಲಿ ಹೇಗೆ ನುಂಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಂತ ಅಪ್ಪನೂ ಪೂರ್ತಿ ಶಾಣ್ಯಾ ಅಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಯಿತಲ್ಲ, ಆ ಆಸೆಗೆ ಮುಂದಿನ ಮುಂಗಾರಿಗೆ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಅಪ್ಪ ಚೀಲ ಹಿಡಿದಿಟ್ಟರು. ಸುಗ್ಗಿ ಬಂದಾಗ ಗಂಜಿನಲ್ಲಿ ಕ್ವಿಂಟಲಿಗೆ 5,050ರ ಬೆಂಬಲ ಬೆಲೆಯೂ ಹುಟ್ಟಲಿಲ್ಲ. ಬಾಟ್‌ನ ಹಳೆ ದರಗಳು ಅದು ಏನು ಮಾಡಿದರೂ ಅಲುಗಾಡಲ್ಲ. ಗಂಜಿನ ದರ ಹಾಗಲ್ಲ, ನಾಲ್ಕು ಜನ ಒಂದೇ ಲೆಕ್ಕ ಹಾಕಿದರೆ ಲೆಕ್ಕವೇ ಮಗುಚುತ್ತದೆ. ಅಪ್ಪನಿಗೆ ಆ ವರ್ಷವನ್ನು ಎರಡನೇ ಸಲ ಆಡಲು ಯಾರೂ ಕೊಡಲಿಲ್ಲ.

ಮಧ್ಯಾಹ್ನ ಹುಡುಗ ಖರ್ಚನ್ನೆಲ್ಲಾ ಸೊನ್ನೆ ಮಾಡಿ ಮತ್ತೆ ಆಡಿಸಿದ. ಬಾಟ್‌ಗೆ ಪುರುಸೊತ್ತೇ ಇಲ್ಲ! ಕೊಂಡಿತು, ಮಾರಿತು, ಮತ್ತೆ ಕೊಂಡಿತು. ಲಾಭದ ಗೆರೆ ಸೀದಾ ಮೇಲಕ್ಕೆ. ಅವನು ಕುಣಿದ.

"ದಲಾಲಿ ಬಿಟ್ರ ನಾನೂ ಕುಬೇರನೇ," ಅಂದರು ಅಪ್ಪ.

ನಾನೂ ಜೋರಾಗಿ ನಕ್ಕೆ. ಸ್ವಲ್ಪ ಜಾಸ್ತಿಯೇ ನಕ್ಕೆ. ಷೇರುಪೇಟೆ ಕಾಯುವ ಸೆಬಿ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ, ಹಿಂದಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಅದೇ ಜಾತಿಯ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದರು. ಅವರಲ್ಲಿ ಒಬ್ಬನ ಪರಿಚಯ ನನಗೆ ಚೆನ್ನಾಗಿದೆ. ಅವನ ಹೆಂಡತಿಗೆ ಇನ್ನೂ ಗೊತ್ತಿಲ್ಲ.

ಅಪ್ಪ ನನ್ನ ಕಡೆ ತಿರುಗಿದರು. "ನೀ ಏನ್ ನೋಡ್ತಿ ದಿನಾ ಆ ಫೋನಿನಾಗ?"

"ಏನಿಲ್ರಿ. ಸುಮ್ನ ದರ ನೋಡ್ತೀನಿ."

ಅವರು ಮತ್ತೇನೂ ಕೇಳಲಿಲ್ಲ. ಬಸಿಯಲ್ಲಿದ್ದ ಚಹಾ ಆರಿತ್ತು, ಬಿಸಿ ಮಾಡಿ ತರ್ತೀನಿ ಅಂತ ನಾನೇ ಎದ್ದು ಹೋದೆ.